ಮಗ್ಗದ ಮನೆಯ ರಾಜಮಾತೆ

ತಮ್ಮಷ್ಟಕ್ಕೆ ತಾವು ಕಥೆ ಓದಿಕೊಳ್ಳುವವರಿಗೆ ಏನೂ ಆಗುವುದಿಲ್ಲ. ನಾಲ್ಕು ಮಂದಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದುವವನಿಗೆ ಮಾತ್ರ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಇದನ್ನು ಅನುಭವಿಸಿಯೇ ಹೇಳುತ್ತಿದ್ದೇನೆ.

ಆಗ ನಾವಿನ್ನೂ ಮುಂಬೈ ರಾಜ್ಯದಲ್ಲಿದ್ದೆವು. ಸಂಸ್ಥಾನಗಳು ಹೋಗಿ ನಾಲ್ಕೈದು ವರ್ಷವಾಗಿತ್ತು. ನಾನು ರಬಕವಿಯ ಕನ್ನಡ ಶಾಲೆಗೆ ಹೊಸದಾಗಿ ಬಂದ ಮಾಸ್ತರ. ಮದುವೆಯಾಗಿರಲಿಲ್ಲ, ಅಡಿಗೆ ಬರುತ್ತಿರಲಿಲ್ಲ. ನೇಕಾರರ ಮನೆಯೊಂದರಲ್ಲಿ ಪಡಸಾಲೆಗೆ ಹೊಂದಿಕೊಂಡ ಖೋಲಿ ಸಿಕ್ಕಿತು. ಪಡಸಾಲೆಯಲ್ಲಿ ನಾಲ್ಕು ಮಗ್ಗ. ಒಂದರಲ್ಲಿ ಮನೆಯ ಯಜಮಾನ, ಎರಡರಲ್ಲಿ ಕೂಲಿ ನೇಕಾರರು, ನಾಲ್ಕನೆಯದರಲ್ಲಿ ಯಜಮಾನನ ತಾಯಿ. ಆಕೆಯನ್ನು ಓಣಿಯೆಲ್ಲ ಆಯಿ ಎಂದೇ ಕರೆಯುತ್ತಿತ್ತು. ಎಪ್ಪತ್ತು ದಾಟಿದ್ದರೂ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ಊಟದ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಯಜಮಾನನ ಮಗಳು ಮೂಲೆಯಲ್ಲಿ ರಾಟಿ ಹಿಡಿದು ಎಲ್ಲರ ಲಾಳಿಗೂ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಇಪ್ಪತ್ತರ ಹುಡುಗಿ. ಅವಳ ಲಗ್ನ ನನ್ನ ಕೈಯಲ್ಲಿದ್ದ ಒಂದು ಕಾದಂಬರಿಗೆ ಹೇಗೆ ಗಂಟು ಬಿತ್ತು ಅನ್ನುವುದೇ ಇಲ್ಲಿಯ ಎಲ್ಲ ಪ್ರಸಂಗಗಳ ಮೂಲ.

ಖಾಲಿ ಕಿವಿಗಳು

ಬಂದ ಮೂರನೆಯ ದಿನ ಆಯಿ ನನ್ನನ್ನು ಕರೆದಳು. ಆಕೆ ನನ್ನನ್ನು ಮಾತಾಡಿಸಿದ್ದು ಮೊದಲಿನಿಂದಲೂ ಏಕವಚನದಲ್ಲಿ. ಮರ್ಯಾದೆಯೆಲ್ಲ 'ಮಾಸ್ತರ' ಅನ್ನುವ ಪದವಿಗೆ ಮಾತ್ರ.

"ಮಾಸ್ತರಾ, ನಿನ್ನ ಸಾಲಿ ಸುರು ಆಗೂದು ಹನ್ನೊಂದಕ್ಕ. ಅಲ್ಲೀತನಕಾ ಏನ ಮಾಡ್ತಿ?"

"ಏನಿಲ್ಲ ಆಯಿ, ಸುಮ್ಮನ ಕುಂದರತೀನಿ."

"ನಮ್ಮ ಕೈ, ಕಾಲು, ಕಣ್ಣು ಮೂರೂ ಕೆಲಸದಾಗ ಅದಾವ. ಕಿವಿ ಅಷ್ಟ ಖಾಲಿ. ನಿನಗರೆ ಓದಾಕ ಬರತೈತಿ. ಮುಂಜಾನಿ ಇಲ್ಲಿ ಕುಂತ ಏನರೆ ಓದಿ ಹೇಳು, ಎರಡೂ ಹೊತ್ತ ಊಟಾ ನಮ್ಮಲ್ಲೇ ಮಾಡು."

ನನಗೆ ಇದಕ್ಕಿಂತ ಇನ್ನೇನು ಬೇಕಿತ್ತು? ಮರುದಿನವೇ ಶಾಲೆಯ ಕಪಾಟಿನಲ್ಲಿದ್ದ ಒಂದು ಉಪಯುಕ್ತ ಪುಸ್ತಕ ತಂದೆ. ಬಾವಿಗಳನ್ನು ಸ್ವಚ್ಛವಾಗಿಡುವ ಬಗೆ. ಎರಡನೆಯ ಪುಟಕ್ಕೆ ಒಬ್ಬ ಕೂಲಿ ನೇಕಾರ ಆಕಳಿಸಿದ. ಐದನೆಯ ಪುಟಕ್ಕೆ ಅವನ ಹಣೆ ನೇಯ್ದ ಬಟ್ಟೆಯ ಮೇಲೆ ಬಂದು ಕೂತಿತು. ಆಯಿ ಲಾಳಿ ನಿಲ್ಲಿಸಿದಳು.

"ಮಾಸ್ತರಾ, ಬಾವಿ ಸ್ವಚ್ಛ ಆತು. ಇನ್ನ ಮನಿಷ್ಯಾರ ಇರೂ ಕತಿ ಯಾವುದರೆ ತಗೊಂಬಾ."

ಆ ರವಿವಾರ ಸರ್ವಿಸ್ ಮೋಟಾರು ಹತ್ತಿ ಜಮಖಂಡಿಗೆ ಹೋಗಿ, ಅಲ್ಲಿಯ ವಾಚನಾಲಯದಿಂದ ಒಂದು ಐತಿಹಾಸಿಕ ಕಾದಂಬರಿ ತಂದೆ. ರಟ್ಟು ಹರಿದು ಹೋಗಿತ್ತು, ಪುಸ್ತಕದ ಹೆಸರೂ ಬರೆದವನ ಹೆಸರೂ ಅದರ ಜೊತೆಗೇ ಹೋಗಿದ್ದವು. ಕಥೆ ಮಾತ್ರ ಪೂರ್ತಿ ಇತ್ತು. ಕೃಷ್ಣೆಯ ಎರಡು ದಂಡೆಗೆ ಎರಡು ಕೋಟೆ. ಎರಡು ಮನೆತನಕ್ಕೂ ಅಜ್ಜಂದಿರ ಕಾಲದಿಂದ ವೈರ. ಈ ಕೋಟೆಯ ರಾಜಕುಮಾರ ಆ ಕೋಟೆಯ ರಾಜಕುಮಾರಿಯನ್ನು ನದಿಯ ಘಟ್ಟದಲ್ಲಿ ನೋಡಿಬಿಡುತ್ತಾನೆ. ಅವಳೂ ನೋಡುತ್ತಾಳೆ. ರಾಜಕುಮಾರನ ಅಜ್ಜಿ ರಾಜಮಾತೆ. ನನ್ನ ಹೆಣ ಬಿದ್ದ ಮೇಲೆಯೇ ಈ ಸಂಬಂಧ ಅನ್ನುತ್ತಾಳೆ.

ಮೊದಲನೆಯ ಅಧ್ಯಾಯ ಓದಿದ ಮರುದಿನ ನಾನು ಬೇವಿನ ಕಡ್ಡಿ ಬಾಯಿಗಿಟ್ಟುಕೊಂಡು ಹಿತ್ತಲ ಕಡೆ ಹೊರಟಿದ್ದೆ. ಒಳಗಿನಿಂದ ಆಯಿಯ ಕೂಗು ಬಂತು.

"ಹಲ್ಲ ಆಮ್ಯಾಲ ತಿಕ್ಕು ಮಾಸ್ತರಾ. ಆ ಹುಡುಗಿ ನಿನ್ನೆಯಿಂದ ನೀರಾಗ ನಿಂತಾಳ."

ಪ್ರೀತಿ ಯಾವಾಗ ಓದಬೇಕು

ನಾಲ್ಕು ಮಗ್ಗದ ಸದ್ದಿನ ನಡುವೆ ಓದುವುದೆಂದರೆ ಗಂಟಲಿಗೆ ದೊಡ್ಡ ಕೆಲಸ. ಒಂದು ವಾರದಲ್ಲಿ ಹದ ಸಿಕ್ಕಿತು. ಯುದ್ಧದ ಅಧ್ಯಾಯ ಬಂದರೆ ನಾನು ಕೂಗಬೇಕು. ಕುದುರೆ ಓಡಿದ ಹಾಗೆ ಲಾಳಿಗಳೂ ಓಡುತ್ತಿದ್ದವು. ಪ್ರೀತಿಯ ಅಧ್ಯಾಯದಲ್ಲಿ ಕೂಗುವ ಅಗತ್ಯವೇ ಇರಲಿಲ್ಲ. ರಾಜಕುಮಾರ "ನಿನ್ನ ಹೆಸರೇನು?" ಅಂದನೆಂದರೆ ಒಂದೊಂದೇ ಮಗ್ಗ ನಿಲ್ಲುತ್ತಿತ್ತು. ಅವಳು ಹೆಸರು ಹೇಳುವ ಹೊತ್ತಿಗೆ ಹುಡುಗಿಯ ರಾಟಿಯೂ ನಿಂತು, ಪಡಸಾಲೆಯಲ್ಲಿ ಹಲ್ಲಿ ಲೊಚಗುಟ್ಟಿದರೂ ಕೇಳುತ್ತಿತ್ತು.

ಹೀಗೆ ಹದಿನೈದು ದಿನ ನಡೆಯಿತು. ಒಂದು ದಿನ ಶಾಲೆಗೆ ಹೊರಟವನನ್ನು ಯಜಮಾನ ಬಾಗಿಲಲ್ಲಿ ತಡೆದ. ಸಾಧು ಮನುಷ್ಯ, ತಾಯಿಯ ಎದುರು ದನಿ ಎತ್ತಿದವನೇ ಅಲ್ಲ. ನನ್ನ ಎದುರೂ ಎತ್ತಲಿಲ್ಲ.

"ಮಾಸ್ತರ್ರ, ತಪ್ಪ ತಿಳೀಬ್ಯಾಡ್ರಿ. ಹೋದ ವಾರ ನೀವು ಲಡಾಯಿ ಓದಿದ್ರಿ, ಒಂದು ಸೀರಿ ಎರಡು ದಿನಾ ಮೊದಲ ಮಗ್ಗದಿಂದ ಇಳೀತು. ಈ ವಾರ ಆ ಹುಡುಗ ಹುಡುಗಿ ತ್ವಾಟದಾಗ ಕುಂತಾರ. ಅವರೂ ಏಳವಲ್ಲರು, ಸೀರಿನೂ ಇಳೀವಲ್ದು."

"ಹಂಗಾದ್ರ ಪ್ರೀತಿ ಬಿಟ್ಟ ಓದಲೇನ್ರಿ?"

ಅವನಿಗೆ ಗಾಬರಿಯಾಯಿತು. "ಛೇ ಛೇ, ಬಿಡಬ್ಯಾಡ್ರಿ. ವಾರೆಲ್ಲಾ ಲಡಾಯಿ ಓದ್ರಿ. ಪ್ರೀತಿ ಅಮಾಸಿ ದಿನಾ ಓದ್ರಿ, ಅವತ್ತ ಹ್ಯಾಂಗೂ ಮಗ್ಗ ಬಂದ್."

ಆಯಿಯ ಕರಾರು

ರಬಕವಿಗೂ ಬನಹಟ್ಟಿಗೂ ನಡುವೆ ಇರುವುದು ಒಂದು ಎಲೆ ಅಡಿಕೆ ಮೆಲ್ಲುವಷ್ಟು ದಾರಿ. ಆದರೂ ನಿನ್ನೆ ಮೊನ್ನೆಯ ತನಕ ಒಂದು ಊರು ಒಂದು ಸಂಸ್ಥಾನದ್ದು, ಇನ್ನೊಂದು ಇನ್ನೊಂದರದು. ಸಂಸ್ಥಾನಗಳು ಸರಕಾರದ ಒಂದು ಸಹಿಗೆ ಹೋದವು. ಆಯಿಯ ಸಂಸ್ಥಾನ ಹೋಗಿರಲಿಲ್ಲ.

ಇಪ್ಪತ್ತು ವರ್ಷದ ಹಿಂದೆ ಆಯಿ ತನ್ನ ತಲೆಯಿಂದಲೇ ಸೀರೆಯ ಅಂಚಿಗೆ ಒಂದು ಹೊಸ ದಡಿ ತೆಗೆದಿದ್ದಳಂತೆ. ಹೂವಿನ ಬಳ್ಳಿ, ನಡುನಡುವೆ ಗಿಳಿ. ಆ ಸೀರೆ ಪೇಟೆಗೆ ಹೋಗಿ ತಿಂಗಳಾಗುವುದರೊಳಗೆ ಬನಹಟ್ಟಿಯ ಒಂದು ನೇಕಾರ ಮನೆಯಿಂದ ಅದೇ ಬಳ್ಳಿ, ಅದೇ ಗಿಳಿ ಬಂತು. ಕೇಳಿದರೆ ಆ ಮನೆಯ ಹಿರಿಯ, "ನನ್ನ ಕನಸಿನಾಗ ಬಂದಿತ್ತು" ಅಂದನಂತೆ. ಅಂದಿನಿಂದ ಎರಡು ಮನೆಗೂ ನೀರು, ಬೆಂಕಿ, ಮಾತು ಮೂರೂ ಬಂದ್. ಒಂದೇ ಕುಲ, ಒಂದೇ ಕಸುಬು. ಬೀಗತನ ಬೆಳೆಸುವುದಕ್ಕೆ ಆ ಗಿಳಿಯೊಂದೇ ಅಡ್ಡ.

ಮಹಾಯುದ್ಧ ಮುಗಿದು ವರ್ಷಗಳಾದರೂ ನೂಲಿನ ಕಂಟ್ರೋಲು ಪೂರ್ತಿ ಮುಗಿದಿರಲಿಲ್ಲ. ನೂಲು ತರಲು ಎರಡೂ ಊರಿನವರು ನೇಕಾರರ ಸೊಸೈಟಿಯ ಮುಂದೆ ಪಾಳಿ ನಿಲ್ಲಬೇಕಾಗಿತ್ತು. ಪಾಳಿ ಉದ್ದ, ನೂಲು ಕಡಿಮೆ, ಮಾತಾಡಲು ವೇಳೆ ಬೇಕಾದಷ್ಟು. ನಮ್ಮ ಮನೆಯ ಹುಡುಗಿ ಆ ಪಾಳಿಯಲ್ಲಿ ನಿಂತಳು. ಬನಹಟ್ಟಿಯ ಅದೇ ಹಿರಿಯನ ಮೊಮ್ಮಗನೂ ನಿಂತ. ಮಿಕ್ಕದ್ದನ್ನು ನಾನು ಹೇಳಬೇಕಾಗಿಲ್ಲ. ಹುಡುಗಿ ತಾಯಿಯ ಹತ್ತಿರ ಹೇಳಿದಳು, ತಾಯಿ ಗಂಡನ ಹತ್ತಿರ ಹೇಳಿದಳು. ಗಂಡ ಎಂಟು ದಿನ ಧೈರ್ಯ ಕೂಡಿಸಿಕೊಂಡು, ನಾನು ಓದು ಮುಗಿಸಿದ ಒಂದು ಮುಂಜಾನೆ ಬಾಯಿ ತೆರೆದ.

"ಅವ್ವಾ, ಬನಹಟ್ಟ್ಯಾಗ ಒಂದು ಹುಡುಗ ಐತಿ…"

"ಯಾವ ಬನಹಟ್ಟಿ?" ಅಂದಳು ಆಯಿ, ಹತ್ತು ಹನ್ನೆರಡು ಬನಹಟ್ಟಿ ಇದ್ದ ಹಾಗೆ.

ಅವನು ಹೇಳಿದ. ಆಯಿಯ ಲಾಳಿ ನಿಂತಿತು. ರಾಟಿಯೂ ನಿಂತಿತು. ನಾನು ಪುಸ್ತಕದಲ್ಲಿ ಮುಖ ಹುದುಗಿಸಿದೆ. ಆಯಿ ನನ್ನ ಕೈಯಲ್ಲಿದ್ದ ಪುಸ್ತಕದ ಕಡೆ ಬೆರಳು ಮಾಡಿದಳು.

"ಆ ರಾಜಮಾತೆ ಶಾಣ್ಯಾ ಹೆಂಗಸು. ಆಕಿಗೂ ನನ್ನ ಗತಿನೇ ಬಂದೈತಿ. ಆಕಿ ಏನ ಮಾಡ್ತಾಳ ನೋಡೂನು. ಆಕಿ ಒಪ್ಪಿದ್ರ ನಾನೂ ಒಪ್ಪತೀನಿ, ಆಕಿ ಒಪ್ಪದಿದ್ರ ನಾನೂ ಇಲ್ಲ. ಅಲ್ಲೀತನಕಾ ಈ ಮನ್ಯಾಗ ಬನಹಟ್ಟಿ ಹೆಸರ ಯಾರೂ ತಗೀಬಾರ್ದು."

ಸುಮ್ಮನಾಗಿಸಲು ಆಡಿದ ಮಾತೇ ಇರಬಹುದು. ಆದರೆ ಆಯಿ ಆಡಿದ ಮಾತಿನಿಂದ ಹಿಂದೆ ಸರಿದದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಅಂದು ಮಧ್ಯಾಹ್ನದಿಂದಲೇ ನನ್ನ ರೊಟ್ಟಿಯ ಮೇಲೆ ಬೆಣ್ಣೆ ದೊಡ್ಡದಾಯಿತು. ರಾಜಮಾತೆ ನನ್ನ ಸೋದರತ್ತೆಯೇನೋ ಅನ್ನುವ ಹಾಗೆ ಹುಡುಗಿಯ ತಾಯಿ ಒತ್ತಿ ಒತ್ತಿ ಬಡಿಸುವುದು. ಸಂಜೆ ಯಜಮಾನ ನನ್ನ ಖೋಲಿಗೇ ಬಂದ.

"ಮಾಸ್ತರ್ರ, ಆ ಮುದುಕೀಗಿ ನೀವರೆ ಒಂದ ಮಾತ ಹೇಳಿ ನೋಡ್ರಲಾ."

"ಆಯಿಗೇನ್ರಿ?"

"ಅಲ್ರಿ, ಪುಸ್ತಕದಾಗಿನಾಕಿಗಿ. ನಮ್ಮವ್ವಗ ಹೇಳಾಕ ಯಾರಿಂದಾಗತೈತಿ?"

ನಡುವಿಗೆ ಕಟ್ಟಿದ ಬುರುಡೆ

ಕೃಷ್ಣೆಯ ದಂಡೆಯ ಗಲಗಲಿಯ ಕಡೆಯಿಂದ ಬೀರೇಶ್ವರನ ಭಕ್ತನೊಬ್ಬ ಆಗಾಗ ಬರುತ್ತಿದ್ದ. ಕುರಿ ಕಾಯುವ ಮನೆತನದ ಹಿರಿಯ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತುಪ್ಪದ ಗಡಿಗೆ. ಆಯಿ ಅವನಲ್ಲೇ ತುಪ್ಪ ಕೊಳ್ಳುತ್ತಿದ್ದಳು. ಅವನು ಬಂದ ದಿನ ನಾನು ಓದುತ್ತಿದ್ದುದು ರಾಜಕುಮಾರ ಶ್ರಾವಣದ ಮಹಾಪೂರದಲ್ಲಿ, ಬಾಯಲ್ಲಿ ಒಂದು ಮಲ್ಲಿಗೆ ದಂಡೆ ಕಚ್ಚಿಕೊಂಡು, ಕೃಷ್ಣೆಗೆ ಧುಮುಕಿ ಆಚೆ ದಂಡೆಯ ರಾಜಕುಮಾರಿಯ ಬಳಿಗೆ ಈಜುವ ಭಾಗ.

"ನಿಂದರ್ರಿ," ಅಂದ ಗಲಗಲಿಯ ಹಿರಿಯ. "ನಡುವಿಗೆ ಏನ ಕಟ್ಟಿದ್ದಾ?"

ನಾನು ಪುಸ್ತಕ ನೋಡಿ, "ರತ್ನದ ಒಡ್ಯಾಣ" ಅಂದೆ.

"ಅದು ಮುಳಗಸ್ತೈತಿ. ಸೋರಿ ಬುರುಡಿ ಕಟ್ಟಿರಲಿಲ್ಲೇನು? ಒಣಗಿದ್ದು, ಎರಡು?"

"ಬರದಿಲ್ರಿ."

"ಹಂಗಾದ್ರ ಸತ್ತ ಬಿಡ್ರಿ. ನಾ ಹುಟ್ಟಿದಾಗಿಂದ ಆ ಹೊಳಿ ದಾಟಾಕತ್ತೇನಿ. ಶ್ರಾವಣದಾಗ ಬುರುಡಿ ಇಲ್ದ ಜಿಗದಾಂವ ದಂಡಿ ಮುಟ್ಟಿಲ್ಲ." ಕಂಬಳಿ ಹಾಸಿಕೊಂಡು ಕೂತೇಬಿಟ್ಟ. "ಅದರಾಗ ಬರೀರಿ ಮಾಸ್ತರ. ಓದಿದ ಹುಡುಗರು ಯಾರರೆ ಹಂಗ ಜಿಗದ್ರ ಪಾಪ ಯಾರಿಗೆ?"

ವಾಚನಾಲಯದ ಪುಸ್ತಕ, ಬರೆಯಬಾರದು ಅಂದೆ. ಅವನು ಏಳಲಿಲ್ಲ. ರಾಜಕುಮಾರ ಮುಳುಗಿದರೆ ಲಗ್ನವೂ ಮುಳುಗಿತಲ್ಲ ಎಂದು ಹುಡುಗಿ ನನ್ನ ಮುಖ ನೋಡಿದಳು. ಕೊನೆಗೆ ಅವನ ಎದುರಿಗೇ ಪುಟದ ಅಂಚಿಗೆ ಪೆನ್ಸಿಲಿನಿಂದ ಬರೆದೆ: "ಈ ಸಮಯದಲ್ಲಿ ರಾಜಕುಮಾರನ ನಡುವಿಗೆ ಎರಡು ಸೋರೆ ಬುರುಡೆಗಳು ಇದ್ದವೆಂದು ತಿಳಿಯತಕ್ಕದ್ದು."

ಹದಿನೈದು ದಿನಕ್ಕೊಮ್ಮೆ ಪುಸ್ತಕವನ್ನು ಜಮಖಂಡಿಗೆ ಒಯ್ದು ತೋರಿಸಿ, ಮತ್ತೆ ನನ್ನ ಹೆಸರಿಗೆ ಬರೆಸಿಕೊಂಡು ಬರಬೇಕು. ಆ ಸಲ ವಾಚನಾಲಯದ ಗುಮಾಸ್ತ ಪುಟ ತಿರುವುತ್ತ ಸರಿಯಾಗಿ ಅಲ್ಲಿಯೇ ನಿಂತ. ಕನ್ನಡಕ ಮೇಲೇರಿಸಿದ.

"ಯಾರ ಬರದದ್ದಿದು?"

"ನಾನೇ. ತಪ್ಪಾತು."

"ತಪ್ಪೇನ ಬಂತು?" ಅಂದ ಗುಮಾಸ್ತ. "ಹತ್ತು ವರ್ಷಾತು, ಇಂವಾ ಹ್ಯಾಂಗ ದಾಟಿದಾ ಅಂತ ನಾನೂ ವಿಚಾರ ಮಾಡಾಕತ್ತಿದ್ದೆ."

ಅರಮನೆಯ ರೊಟ್ಟಿ

ಕೂಲಿ ನೇಕಾರನೊಬ್ಬನ ಮಾವ ಒಂದು ಅರಮನೆಯ ಅಡಿಗೆಮನೆಯಲ್ಲಿ ಮೂವತ್ತು ವರ್ಷ ದುಡಿದು, ಸಂಸ್ಥಾನ ಹೋದ ಮೇಲೆ ಮನೆ ಸೇರಿದ್ದ. ಅವನು ಅಳಿಯನನ್ನು ನೋಡಲು ಬಂದಿದ್ದಾನೆಂದು ಗೊತ್ತಾದದ್ದೇ ತಡ, ಆಯಿ ಅವನನ್ನು ಕರೆಸಿ ಎದುರಿಗೆ ಕೂರಿಸಿದಳು. ಪುಸ್ತಕ ಹೇಳುವುದು ಖರೆಯೋ ಸುಳ್ಳೋ ಎಂದು ಒರೆಗೆ ಹಚ್ಚಬೇಕಾಗಿತ್ತು.

ನಾನು ಒಂದು ಅಧ್ಯಾಯ ಓದಿದೆ. ರಾಜಕುಮಾರ ಒಬ್ಬನೇ ತೋಟಕ್ಕೆ ಬಂದು ಚಂದ್ರನನ್ನು ನೋಡಿ ನಿಟ್ಟುಸಿರು ಬಿಡುತ್ತಾನೆ. ಮಾವ ತಲೆ ಅಲ್ಲಾಡಿಸಿದ.

"ಒಬ್ಬಾಂವ ಹ್ಯಾಂಗ ಬರ್ತಾನ್ರಿ? ನೀರ ಹಿಡಿಯಾಂವ ಒಬ್ಬ, ಚಪ್ಪಲಿ ಹಿಡಿಯಾಂವ ಒಬ್ಬ, ಸುಮ್ಮನ ಹಿಂದ ನಿಂದ್ರಾಂವ ಇನ್ನೊಬ್ಬ. ನಿಟ್ಟುಸಿರ ಬಿಟ್ರ ಮೂರೂ ಮಂದಿ ಹೋಗಿ ವರದಿ ಕೊಡ್ತಾರ."

"ಊಟಾ ಛಲೋ ಇರತಿತ್ತಲಾ?" ಕೇಳಿದಳು ಆಯಿ.

"ಹನ್ನೆರಡು ಪದಾರ್ಥ. ಆದ್ರ ನಾವು ಮಾಡಿದ್ದನ್ನ ಒಬ್ಬ ರುಚಿ ನೋಡಬೇಕು, ಒಬ್ಬ ಮುಚ್ಚಬೇಕು, ಒಬ್ಬ ಹೊತ್ತು ಮೂರು ಅಂಗಳಾ ದಾಟಬೇಕು. ಆ ಹುಡುಗ್ರು ಬಿಸಿ ರೊಟ್ಟಿ ಅಂದ್ರ ಏನಂತ ನೋಡಿಲ್ರಿ."

ಅಲ್ಲಿಯವರೆಗೆ ರಾಜಕುಮಾರನೆಂದರೆ ಬೇಕಾದಷ್ಟು ಇದ್ದವನು, ಒಂದು ಹುಡುಗಿ ಸಿಗದಿದ್ದರೇನಂತೆ ಅನ್ನುವ ಭಾವ ಎಲ್ಲರಿಗೂ ಸ್ವಲ್ಪ ಇತ್ತು. ಅಂದು ಅದು ಹೋಯಿತು. ಆಯಿ ಕಣ್ಣಿಗೆ ಸೆರಗು ಹಚ್ಚಿದ್ದನ್ನು ನಾನೇ ನೋಡಿದೆ.

"ತಣ್ಣಗಿನ ರೊಟ್ಟಿ ತಿಂದ ಬೆಳದ ಕೂಸು," ಅಂದಳು. "ಎಲ್ಲೆ ಬೆಚ್ಚಗೈತಿ ಅಲ್ಲಿಗೆ ಹೋಗತೈತಿ. ಅದರದೇನ ತಪ್ಪೈತಿ?"

ರಾಟಿಯ ಹತ್ತಿರ ಹುಡುಗಿಯ ಮುಖ ಅರಳಿತು. ಯಜಮಾನ ನನಗೆ ಕಣ್ಣು ಮಿಟುಕಿಸಿದ. ಅರ್ಧ ಗೆದ್ದೆವೆಂದು ನನಗೂ ಅನ್ನಿಸಿತು. ಆ ಖುಷಿಯಲ್ಲಿ ಊಟಕ್ಕೆ ಕೂತವನು, ತಾಟಿನಲ್ಲಿದ್ದ ರೊಟ್ಟಿ ಮುಂಜಾನೆಯದು ಎಂದು ತಿಳಿದು, "ಆಯಿ, ಬಿಸೀದು ಇಲ್ಲೇನು?" ಅಂದುಬಿಟ್ಟೆ.

"ರಾಜಾನ ಮಗಗ ಇಲ್ಲ," ಅಂದಳು ಆಯಿ. "ನಿನಗ್ಯಾಕ ಬೇಕು?"

ಕೊನೆಯ ಅಧ್ಯಾಯ

ಪುಸ್ತಕದಲ್ಲಿ ಒಂದೇ ಅಧ್ಯಾಯ ಉಳಿಯಿತು. ಅದು ಶನಿವಾರ. ಮರುದಿನ ಮುಂಜಾನೆ ಓದಿ ಮುಗಿಸುವುದೆಂದು ಠರಾವಾಗಿತ್ತು. ಸಂಜೆ ಹುಡುಗಿ ನನ್ನ ಖೋಲಿಯ ಬಾಗಿಲಿಗೆ ಚಹಾ ತಂದಳು. ತಂದವಳು ಕೊಡದೆ ಹಾಗೇ ಹಿಡಿದು ನಿಂತಳು. ಆರನೆಯ ಇಯತ್ತೆಯ ತನಕ ಓದಿದ ಹುಡುಗಿ. ನಾನು ಶಾಲೆಗೆ ಹೋಗಿದ್ದಾಗ ಪುಸ್ತಕದ ತುದಿಯನ್ನು ಓದಿಬಿಟ್ಟಿದ್ದಳು.

"ಮಾಸ್ತರ್ರ, ರಾಜಮಾತೆ ಒಪ್ಪೂದಿಲ್ರಿ. ಇಬ್ರೂ ನಾವ್ಯಾಗ ಕುಂತು ಮಹಾಪೂರಕ್ಕ ಹೋಗಿಬಿಡ್ತಾರ. ಸಾಯ್ತಾರ."

ನಾನು ಮುಂದೆ ಓದಿ ನೋಡಿರಲಿಲ್ಲ. ಕೇಳುವವರಷ್ಟೇ ಕುತೂಹಲ ನನಗೂ ಇತ್ತು, ಕಾಯ್ದಿಟ್ಟುಕೊಂಡಿದ್ದೆ. ಅವಳ ಎದುರಿಗೇ ತೆಗೆದು ಓದಿದೆ. ಖರೆ. ಕೊನೆಯ ಸಾಲಿನಲ್ಲಿ ಖಾಲಿ ನಾವೆಯೊಂದು ತೇಲುತ್ತಿತ್ತು. ನನಗೆ ಬರೆದವನ ಮೇಲೆ ಎಂಥ ಸಿಟ್ಟು ಬಂತೆಂದರೆ, ರಟ್ಟು ಹರಿದು ಅವನ ಹೆಸರು ಹೋಗಿದ್ದೇ ಪುಣ್ಯ.

"ನೀವು ಬ್ಯಾರೆ ಓದ್ರಿ," ಅಂದಳು ಹುಡುಗಿ. "ಆಕಿ ಒಪ್ಪಿದ್ಲು ಅಂತ ಓದ್ರಿ."

"ಅಚ್ಚಾದ ಪುಸ್ತಕವ್ವಾ ಅದು. ಬದಲ ಮಾಡಾಕ ಬರೂದಿಲ್ಲ."

"ಬುರುಡಿ ಬರದ್ರೆಲಾ, ಅದಕ್ಕ ಬರತೈತೇನ್ರಿ?"

ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವ ಮಾಸ್ತರ ನಾನು. ಆದರೆ ಅವಳು ಅಳಲಿಲ್ಲ, ಬೇಡಿಕೊಳ್ಳಲಿಲ್ಲ, ಆರಿಹೋದ ಚಹಾವನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ನನಗೆ ಬಹಳ ಕೆಟ್ಟದೆನಿಸಿತು. "ಆಗಲಿ," ಅಂದೆ.

ರವಿವಾರ ಮುಂಜಾನೆ ಮಗ್ಗದ ಸದ್ದೇ ಇರಲಿಲ್ಲ. ಎಲ್ಲರೂ ಕೈಕಟ್ಟಿ ಕೂತಿದ್ದರು. ಹುಡುಗಿಯ ತಾಯಿ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದಳು. ನಾನು ಪುಸ್ತಕವನ್ನು ಮುಖದ ಹತ್ತಿರ ಹಿಡಿದು ಶುರು ಮಾಡಿದೆ.

ಕಥೆ ಕಟ್ಟುವುದು ಎಷ್ಟು ಕಷ್ಟವೆಂದು ಅಂದು ಗೊತ್ತಾಯಿತು. ನಾನು ಕಟ್ಟಿದ ರಾಜಮಾತೆ ಬಾಯಿ ತೆರೆದರೆ ನಮ್ಮ ಶಾಲೆಯ ಇನ್‌ಸ್ಪೆಕ್ಟರರ ಹಾಗೆ ಮಾತಾಡುತ್ತಿದ್ದಳು. "ಈ ಪ್ರಕರಣವನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿದೆ" ಅಂದಳು. ಯಾಕೆ ಒಪ್ಪಿದಳೆಂದು ನನಗೇ ಹೊಳೆಯಲಿಲ್ಲ. ಮುಂಜಾನೆ ಎದ್ದವಳೇ ಒಪ್ಪಿಬಿಟ್ಟಳು ಅಂದೆ. ಬೇಗ ಬೇಗ ಹಂದರ ಹಾಕಿಸಿದೆ. ಇನ್ನೇನು ಅಕ್ಷತೆ ಬೀಳಬೇಕು, ಆಯಿ ಕೇಳಿದಳು:

"ಮದುವ್ಯಾಗ ಅಡಗಿ ಏನ ಮಾಡಿಸಿದ್ರು?"

ಅರಮನೆಯ ಹನ್ನೆರಡು ಪದಾರ್ಥ ಯಾವುವೆಂದು ಅಡಿಗೆಯವನನ್ನು ಕೇಳಿರಲಿಲ್ಲ. ಹೋದ ತಿಂಗಳು ಸಹೋದ್ಯೋಗಿಯೊಬ್ಬರ ಮದುವೆಯಲ್ಲಿ ಉಂಡದ್ದನ್ನೇ ಓದಿದೆ. "ಗೋದಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಹುಗ್ಗಿಗೆ ತುಪ್ಪ ಸಾಲದೆ ಬಂದಿತು." ಕೊನೆಯದನ್ನು ಬಾಯಿ ತಪ್ಪಿ ಓದಿದೆ.

"ಎರಡು ಸಂಸ್ಥಾನ ಕೂಡಿದ್ರೂ ತುಪ್ಪ ಸಾಲಲಿಲ್ಲೇನು?" ಅಂದಳು ಆಯಿ.

ಯಜಮಾನ ಕೆಮ್ಮಿದ. ನಾನು ಗಡಿಬಿಡಿಯಿಂದ ಅಕ್ಷತೆ ಹಾಕಿಸಿ, "ಎಲ್ಲರೂ ಸುಖವಾಗಿದ್ದರು" ಅಂದು ಪುಸ್ತಕ ಮುಚ್ಚಿದೆ. ಆಯಿ ನನ್ನನ್ನೇ ನೋಡುತ್ತಿದ್ದಳು.

"ಮಾಸ್ತರಾ, ನೀ ದಿನಾ ಓದೂವಾಗ ಹತ್ತೋ ಹನ್ನೆರಡೋ ಹಾಳಿ ತಿರುವತಿದ್ದಿ. ಇವತ್ತ ಇಷ್ಟೊತ್ತ ಓದಿದಿ, ಒಂದೂ ತಿರುವಲಿಲ್ಲ. ನನಗ ಅಕ್ಷರ ಬರೂದಿಲ್ಲ, ಎಣಸಾಕ ಬರತೈತಿ."

ಎಳೆ ಎಣಿಸಿ ಅರವತ್ತು ವರ್ಷ ಸವೆದ ಕಣ್ಣು. ನಾನು ಸಿಕ್ಕಿಬಿದ್ದೆ. ಬೆಂಚು ಇದ್ದಿದ್ದರೆ ನಾನೇ ಹತ್ತಿ ನಿಲ್ಲುತ್ತಿದ್ದೆ. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ತಪ್ಪೆಲ್ಲ ತನ್ನದೆಂದು ಹೇಳಲು ಬಾಯಿ ತೆರೆದಳು. ಆಯಿ ಕೈ ಎತ್ತಿ ತಡೆದಳು.

"ಖರೆ ಏನೈತಿ, ಅದನ್ನ ಓದು."

ಓದಿದೆ. ಒಂದೊಂದೇ ಹಾಳೆ ತಿರುವುತ್ತ ಓದಿದೆ. ರಾಜಮಾತೆ ಒಪ್ಪಲಿಲ್ಲ, ನಾವೆ ಹೊರಟಿತು, ಮಹಾಪೂರ ಬಂತು, ಖಾಲಿ ನಾವೆ ತೇಲಿತು. ಮುಗಿಯಿತು. ಹುಡುಗಿಯ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

"ಆಮ್ಯಾಲ?" ಅಂದಳು ಆಯಿ.

"ಆಮ್ಯಾಲ ಏನಿಲ್ಲ ಆಯಿ. ಮುಗೀತು."

"ರಾಜಮಾತೆ ಏನಾದ್ಲು?"

"ಬರದಿಲ್ಲ."

"ಬರೀಬೇಕಿತ್ತು." ಆಯಿಯ ದನಿ ಇಳಿದಿತ್ತು. "ಮರುದಿನಾ ಎದ್ದು ಆಕಿ ಯಾರ ಮಾರಿ ನೋಡಿದ್ಲು? ಯಾರ ಜೋಡಿ ಉಂಡ್ಲು? ಅಷ್ಟ ದೊಡ್ಡ ಪುಸ್ತಕ ಬರದಾಂವಗ ಅದೊಂದು ಬರ್ಯಾಕ ಆಗಲಿಲ್ಲೇನು?"

ಆಯಿ ಮೂಲೆಯಲ್ಲಿದ್ದ ಮೊಮ್ಮಗಳ ಕಡೆ ತಿರುಗಿ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಆ ತುಪ್ಪಾ ಸಾಲದ ಮದುವಿ ನೀನೇ ಕಟ್ಟಿದ್ದೇನು?"

"ಹೌದು ಆಯಿ."

"ಸಾವಿರ ಸುಳ್ಳ ಹೇಳಿ ಒಂದು ಮದುವಿ ಮಾಡು ಅಂತಾರ. ನೀ ಹ್ಯಾಂಗೂ ಸುರು ಮಾಡಿದಿ. ಉಳದದ್ದ ಬನಹಟ್ಟ್ಯಾಗ ಹೇಳಿ ಬಾ. ಆದ್ರ ನಾ ಕಳಿಸೇನಿ ಅಂತ ಅನಬ್ಯಾಡ. ಅವರೇ ಮೊದಲ ಬಂದು ಕೈ ಮುಗಿದ್ರು ಅಂತ ಆಗಬೇಕು."

ಹುಡುಗಿ ಎದ್ದು ಓಡಿ ಒಳಗೆ ಹೋದಳು. ನಾನು ಅಂಗಿ ಹಾಕಿಕೊಂಡು ಬನಹಟ್ಟಿಯ ದಾರಿ ಹಿಡಿದೆ.

ಕನಸಿನಲ್ಲಿ ಗಿಳಿ ಕಂಡ ಹಿರಿಯ ಅಂಗಳದಲ್ಲಿ ಕೂತಿದ್ದ. ನಾನು ವಿಷಯ ಎತ್ತಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತ ಎಲ್ಲವನ್ನೂ ಕೇಳಿದ. ಕೇಳಿ ನನ್ನನ್ನು ಹತ್ತಿರಕ್ಕೆ ಕರೆದು, ಒಳಗಿನವರಿಗೆ ಕೇಳದ ಹಾಗೆ ಹೇಳಿದ: "ನಮ್ಮ ಹುಡುಗನೂ ತಿಂಗಳಾತು ನೆಟ್ಟಗ ಉಂಡಿಲ್ರಿ. ನಾ ಬ್ಯಾಡ ಅನ್ನೂದಿಲ್ಲ. ಆದ್ರ ಒಂದು ಮಾತು. ಆ ಮುದುಕಿನೇ ಮೊದಲ ಬಂದು ಕೈ ಮುಗಿದ್ಲು ಅಂತ ಆಗಬೇಕು."

ಆಗಲಿ ಅಂದೆ. ಅವನ ಮನೆಯಲ್ಲಿ ಆಯಿಯೇ ಮೊದಲು ನನ್ನೆದುರು ಕೈ ಮುಗಿದಳೆಂದೂ, ಆಯಿಯ ಮನೆಯಲ್ಲಿ ಹಿರಿಯನೇ ಮೊದಲು ಮುಗಿದನೆಂದೂ ಹೇಳಿದೆ. ಸಾವಿರ ಬೇಕಾಗಲಿಲ್ಲ, ಎರಡಕ್ಕೇ ಲಗ್ನ ಕೂಡಿಬಂತು.

ಮದುವೆಯಲ್ಲಿ ಬಡಿಸುವವರ ಸಾಲಿನಲ್ಲಿ ನಾನೂ ಇದ್ದೆ, ಕೈಯಲ್ಲಿ ತುಪ್ಪದ ಪಾತ್ರೆ. ಎರಡು ಪಂಕ್ತಿ ಎದುರುಬದುರು. ಒಂದರ ತುದಿಗೆ ಬನಹಟ್ಟಿಯ ಹಿರಿಯ, ಇನ್ನೊಂದರ ತುದಿಗೆ ಆಯಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ದೊಡ್ಡ ಮನಸ್ಸಿನಿಂದ ನಗುತ್ತಿದ್ದರು. ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟರೂ ನನ್ನ ಕಥೆ ಮುಗಿದಂತೆಯೇ. ಹಿರಿಯನ ಎಲೆಗೆ ಬಗ್ಗಿದಾಗ ಅವನು ನನ್ನ ಕಿವಿಯಲ್ಲಿ ಹೇಳಿದ: "ಆ ಮುದುಕೀಗಿ ಇನ್ನೊಂದೀಟು ತುಪ್ಪಾ ಹಾಕ್ರಿ ಮಾಸ್ತರ. ಪಾಪ, ಸೋತ ಬಂದ ಮಂದಿ."

ಹಾಕೋಣವೆಂದು ಆಯಿಯ ಎಲೆಗೆ ಬಗ್ಗಿದೆ. ಆಯಿ ನನ್ನ ಕೈ ಹಿಡಿದು ನಿಲ್ಲಿಸಿ, ಎದುರು ಪಂಕ್ತಿಯ ಕಡೆ ಕಣ್ಣು ತೋರಿಸಿದಳು.

"ನನಗಿರಲಿ. ಮೊದಲ ಅವಗ ಹಾಕು ಮಾಸ್ತರಾ. ಪಾಪ, ಸೋತ ಬಂದ ಮನಿಷ್ಯಾ."